ಎ. ಪರಶುರಾಮನ್: ಸೇವೆಯ ಗುಣಮಟ್ಟ ಅಳೆಯಲು ಹೊರಟವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬಿಎ, ಎಂ.ಕಾಂ. ವಿದ್ಯಾರ್ಥಿಗಳು, ಅವರಿಗೆ ಗೈಡ್ ಆಗಿರುವ ಅಧ್ಯಾಪಕರು, ಬ್ಯಾಂಕು, ಆಸ್ಪತ್ರೆಗಳಲ್ಲಿ ದುಡಿಯುವ ಗೆಳೆಯರು ಎ. ಪರಶುರಾಮನ್ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಅವರ ಹೆಸರಿಗೆ ಅಂಟಿಕೊಂಡಿರುವ, ಸೇವೆಯ ಗುಣಮಟ್ಟ ಅಳೆಯುವ ‘ಸರ್ವ್‌ಕ್ವಾಲ್’ ಎಂಬ 22 ಹೇಳಿಕೆಗಳ ಪ್ರಶ್ನಾವಳಿ ಎಲ್ಲರಿಗೂ ಗೊತ್ತು. ಆ ಪ್ರಶ್ನಾವಳಿ ಹುಟ್ಟುವ ಮೊದಲು ನಡೆದ ಕೆಲಸ ಅದಕ್ಕಿಂತ ದೊಡ್ಡದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ಭಾಗದ ಉತ್ತರಗಳು ಉದ್ದವಾಗಿರುವುದು ಅದಕ್ಕೇ.

## ವ್ಯಕ್ತಿ

ಸರ್ವ್‌ಕ್ವಾಲ್ ಪರಶುರಾಮನ್ ಅಂತಾರಲ್ಲ, ಅವರು ಯಾರು?

ಪಠ್ಯಪುಸ್ತಕಗಳಲ್ಲಿ ‘ಪರಶುರಾಮನ್, ಝೈಥಾಮಲ್ ಮತ್ತು ಬೆರ್ರಿ’ ಎಂದು ಒಂದೇ ಉಸಿರಿನಲ್ಲಿ ಬರುವ ಮೂವರಲ್ಲಿ ಮೊದಲನೆಯವರು. ಭಾರತದಲ್ಲಿ ಓದಿ ಅಮೆರಿಕದಲ್ಲಿ ಪಾಠ ಮಾಡಿದ ಮಾರ್ಕೆಟಿಂಗ್ ಪ್ರಾಧ್ಯಾಪಕರು. ಸಹೋದ್ಯೋಗಿಗಳ ಬಾಯಲ್ಲಿ ‘ಪರ್ಸು’. ಬ್ಯಾಂಕು, ವಿಮೆ, ಟೆಲಿಫೋನು, ರಿಪೇರಿ ಇಂಥ ಕಡೆ ಸಿಗುವ ಸೇವೆ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಪಡೆಯುವವನ ಕಡೆಯಿಂದ ನೋಡಿ ಅಳೆಯಬಹುದು ಎಂದು ತೋರಿಸಿದವರಲ್ಲಿ ಮುಂಚೂಣಿಯವರು. ಸೇವಾ ಮಾರ್ಕೆಟಿಂಗ್ ಎಂಬ ವಿಷಯಕ್ಕೆ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಗಟ್ಟಿ ನೆಲೆ ಇಲ್ಲದಿದ್ದ ಕಾಲದಲ್ಲಿ ಅದನ್ನು ಕಟ್ಟಿದ ಮೊದಲ ತಲೆಮಾರಿಗೆ ಸೇರಿದವರು.

ಐಐಟಿಯಲ್ಲಿ ಮೆಕ್ಯಾನಿಕಲ್ ಓದಿದವರಂತೆ, ನಿಜವಾ? ಮಾರ್ಕೆಟಿಂಗ್‌ಗೆ ಹೇಗೆ ಬಂದರು?

ನಿಜ. ಮದ್ರಾಸ್ ಐಐಟಿಯಿಂದ 1970ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಟೆಕ್. ಮುಗಿಸಿದರು. ಆಮೇಲೆ ಅಹಮದಾಬಾದಿನ ಐಐಎಂ. ಅಲ್ಲಿಂದ 1972ರಲ್ಲಿ ಹೊರಬಂದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಡಾಕ್ಟರೇಟ್ ಪಡೆದರು. ಎಂಜಿನಿಯರಿಂಗ್ ಮುಗಿಸಿ ಮ್ಯಾನೇಜ್‌ಮೆಂಟ್ ಓದುವುದು ಇವತ್ತು ನಮ್ಮಲ್ಲಿ ಮನೆಮನೆಯ ಮಾತು. ಅಹಮದಾಬಾದಿನ ಐಐಎಂ ಶುರುವಾದದ್ದೇ 1961ರಲ್ಲಿ, ಹಾಗಾಗಿ ಪರಶುರಾಮನ್ ಹೊರಟಾಗ ಆ ದಾರಿ ತೀರಾ ಹೊಸತು.

ಅವರ ಬರಹಗಳನ್ನು ಓದುವಾಗ ಎಂಜಿನಿಯರನ ಕೈ ಎದ್ದು ಕಾಣುತ್ತದೆ ಅಂತ ನನಗೆ ಅನ್ನಿಸುತ್ತದೆ. ‘ಗ್ರಾಹಕ ಅತೃಪ್ತನಾಗಿದ್ದಾನೆ’ ಎಂದು ಹೇಳಿ ಸುಮ್ಮನಾಗುವವರಲ್ಲ ಅವರು. ಕೆಟ್ಟದ್ದು ಎಲ್ಲಿ, ಯಾವ ಜೋಡಣೆಯಲ್ಲಿ ಸಡಿಲವಾಗಿದೆ ಎಂದು ಕೇಳುತ್ತಾರೆ.

ಎಲ್ಲೆಲ್ಲಿ ಪಾಠ ಮಾಡಿದರು?

ಮೊದಲು ಅಯೋವಾ ರಾಜ್ಯದ ಡ್ರೇಕ್ ವಿಶ್ವವಿದ್ಯಾಲಯ. 1979ರಿಂದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ. ಹೆಸರು ತಂದುಕೊಟ್ಟ ಕೆಲಸವೆಲ್ಲ ನಡೆದದ್ದು ಇಲ್ಲಿ. 1994ರಲ್ಲಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋಗಿ ಜೇಮ್ಸ್ ಮ್ಯಾಕ್‌ಲಮೋರ್ ಹೆಸರಿನ ಮಾರ್ಕೆಟಿಂಗ್ ಪೀಠ ವಹಿಸಿಕೊಂಡರು. ಈ ಮ್ಯಾಕ್‌ಲಮೋರ್ ಬರ್ಗರ್ ಕಿಂಗ್ ಕಂಪನಿಯ ಸ್ಥಾಪಕರಲ್ಲೊಬ್ಬರು. ಸೇವೆಯ ಬಗ್ಗೆ ಬರೆದವರಿಗೆ ತಕ್ಕ ಪೀಠವೇ.

ಎರಡು ಮುಖ್ಯ ಪತ್ರಿಕೆಗಳ ಸಂಪಾದಕತ್ವವೂ ಅವರ ಪಾಲಿಗೆ ಬಂತು: 1997ರಿಂದ 2000ದವರೆಗೆ ಅಕಾಡೆಮಿ ಆಫ್ ಮಾರ್ಕೆಟಿಂಗ್ ಸೈನ್ಸ್‌ನ ಪತ್ರಿಕೆ, 2005ರಿಂದ 2009ರವರೆಗೆ ಜರ್ನಲ್ ಆಫ್ ಸರ್ವಿಸ್ ರಿಸರ್ಚ್.

ಬೆರ್ರಿ, ಝೈಥಾಮಲ್ ಅವರ ಪಾಲೇನು? ಕ್ರೆಡಿಟ್ ಎಲ್ಲ ಮೊದಲ ಹೆಸರಿಗೇ ಹೋಗುತ್ತಾ?

ಹೋಗಬಾರದು. 1980ರ ದಶಕದ ಆರಂಭದಲ್ಲಿ ಮೂವರೂ ಟೆಕ್ಸಾಸ್ ಎ ಅಂಡ್ ಎಂನಲ್ಲಿ ಸಹೋದ್ಯೋಗಿಗಳು. ಮೂವರೂ ತಮ್ಮ ತಮ್ಮ ಹಾದಿಯಲ್ಲಿ ನಡೆದೇ ಅಲ್ಲಿ ಸೇರಿದವರು. ವ್ಯಾಲರಿ ಝೈಥಾಮಲ್ 1981ರಲ್ಲೇ, ಜನ ವಸ್ತುವನ್ನು ತೂಗುವ ಬಗೆಗೂ ಸೇವೆಯನ್ನು ತೂಗುವ ಬಗೆಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಬರೆದಿದ್ದರು. ಬಟ್ಟೆಯನ್ನು ಕೊಳ್ಳುವ ಮೊದಲೇ ಮುಟ್ಟಿ ನೋಡಬಹುದು, ಹೋಟೆಲಿನ ಊಟವನ್ನು ಉಂಡ ಮೇಲಷ್ಟೇ ಹೇಳಬಹುದು, ಡಾಕ್ಟರು ಮಾಡಿದ್ದು ಸರಿಯೋ ತಪ್ಪೋ ಎಂದು ಎಷ್ಟೋ ಸಲ ಚಿಕಿತ್ಸೆ ಮುಗಿದ ಮೇಲೂ ಹೇಳಲಾಗದು ಎಂಬ ವಿವೇಚನೆ ಅದು. ಲಿಯೊನಾರ್ಡ್ ಬೆರ್ರಿ 1983ರಲ್ಲಿ ‘ರಿಲೇಶನ್‌ಶಿಪ್ ಮಾರ್ಕೆಟಿಂಗ್’ ಎಂಬ ಮಾತನ್ನು ಚಲಾವಣೆಗೆ ತಂದವರು. ಮುಂದೆ ಮೇಯೊ ಕ್ಲಿನಿಕ್ ಆಸ್ಪತ್ರೆಯ ಸೇವೆಯನ್ನು ಒಳಗಿದ್ದು ಅಧ್ಯಯನ ಮಾಡಿದರು.

1985 ಮತ್ತು 1988ರ ಎರಡು ಪ್ರಸಿದ್ಧ ಪ್ರಬಂಧಗಳಲ್ಲಿ ಪರಶುರಾಮನ್ ಹೆಸರು ಮೊದಲು ಬರುತ್ತದೆ. ಅದೇ ತಂಡದ ಬೇರೆ ಪ್ರಬಂಧಗಳಲ್ಲಿ ಝೈಥಾಮಲ್ ಹೆಸರು ಮೊದಲು. ಹೆಸರಿನ ಕ್ರಮ ನೋಡಿ ದುಡಿಮೆಯನ್ನು ಪಾಲು ಹಾಕಲು ಹೋಗಬೇಡಿ. ಇದು ಮೂವರು ಕೂಡಿ ವರ್ಷಗಟ್ಟಲೆ ನಡೆಸಿದ ಕೆಲಸ.

## ಕೆಲಸದ ಬುಡ

ಸೇವೆಗೆ ಬೇರೆ ಮಾರ್ಕೆಟಿಂಗ್ ಯಾಕೆ ಬೇಕು? ಸೋಪು ಮಾರಿದ ಹಾಗೇ ಮಾರಿದರೆ ಆಗಲ್ವಾ?

1970ರ ದಶಕದವರೆಗೆ ಹೆಚ್ಚಿನವರ ನಂಬಿಕೆ ಆಗುತ್ತೆ ಎಂದೇ ಇತ್ತು. 1977ರಲ್ಲಿ ಲಿನ್ ಶೋಸ್ಟಾಕ್ ಎಂಬ ಸಿಟಿಬ್ಯಾಂಕಿನ ಅಧಿಕಾರಿ, ವಸ್ತು ಮಾರುವ ಪಾಠಗಳು ನಮ್ಮ ಕೆಲಸಕ್ಕೆ ಬರುತ್ತಿಲ್ಲ ಎಂದು ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ನೇರವಾಗಿ ಬರೆದರು. ಈ ಮಾತನ್ನು ಮೊದಲು ಜೋರಾಗಿ ಎತ್ತಿದವರು ಕೆಲಸದ ಮಧ್ಯೆ ಇದ್ದವರು ಎಂಬುದು ಗಮನಿಸಬೇಕಾದ ಸಂಗತಿ.

ಸೇವೆಯ ನಾಲ್ಕು ಲಕ್ಷಣಗಳನ್ನು ಎಲ್ಲರೂ ಪರೀಕ್ಷೆಗೆ ಓದಿರುತ್ತೀರಿ. ಕೈಗೆ ಸಿಗದು, ಮಾಡುವಾಗಲೇ ಬಳಕೆಯಾಗುತ್ತದೆ, ಒಂದು ಸಲ ಇದ್ದಂತೆ ಇನ್ನೊಂದು ಸಲ ಇರದು, ಕೂಡಿಡಲಾಗದು. ಪರಶುರಾಮನ್, ಝೈಥಾಮಲ್, ಬೆರ್ರಿ ಮೂವರೂ ಸೇರಿ 1985ರ ಇನ್ನೊಂದು ಅಧ್ಯಯನದಲ್ಲಿ 323 ಸೇವಾ ಸಂಸ್ಥೆಗಳನ್ನು ಕೇಳಿ, ಈ ಲಕ್ಷಣಗಳಿಂದ ಹುಟ್ಟುವ ತೊಂದರೆಗಳು ಅವುಗಳಿಗೆ ನಿಜಕ್ಕೂ ಎಷ್ಟು ತಟ್ಟುತ್ತಿವೆ ಎಂದು ನೋಡಿದರು. ಪುಸ್ತಕದಲ್ಲಿ ಇದ್ದ ಮಾತನ್ನು ಪೇಟೆಗೆ ಒಯ್ದು ಒರೆಗೆ ಹಚ್ಚುವ ಈ ಅಭ್ಯಾಸ ಅವರ ಕೆಲಸದ ಉದ್ದಕ್ಕೂ ಇದೆ.

1985ರ ಪ್ರಬಂಧ ಅಂತ ಎಲ್ಲರೂ ಹೇಳ್ತಾರೆ. ಅದರಲ್ಲಿ ನಿಜಕ್ಕೂ ಮಾಡಿದ್ದೇನು?

ಕೂತು ಕೇಳಿಸಿಕೊಂಡರು. ಮಾರ್ಕೆಟಿಂಗ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನ ನೆರವಿನಲ್ಲಿ ನಾಲ್ಕು ಬಗೆಯ ಸೇವೆಗಳನ್ನು ಆರಿಸಿಕೊಂಡರು: ಬ್ಯಾಂಕು, ಕ್ರೆಡಿಟ್ ಕಾರ್ಡು, ಷೇರು ದಲ್ಲಾಳಿ, ಮನೆ ಉಪಕರಣಗಳ ರಿಪೇರಿ. ಒಂದೊಂದರಲ್ಲೂ ದೇಶಕ್ಕೆಲ್ಲ ಹೆಸರಾದ ಒಂದು ಕಂಪನಿಯ ಅಧಿಕಾರಿಗಳ ಜೊತೆ ಸಂದರ್ಶನ. ಇನ್ನೊಂದು ಕಡೆ, ಒಂದೊಂದು ಸೇವೆಗೆ ಮೂರರಂತೆ ಗ್ರಾಹಕರ 12 ಗುಂಪುಗಳ ಜೊತೆ ಮಾತುಕತೆ. ಆಮೇಲೆ ಎರಡೂ ಕಡೆಯ ಮಾತನ್ನು ಪಕ್ಕಪಕ್ಕ ಇಟ್ಟರು.

ಬ್ಯಾಂಕು ಮತ್ತು ಷೇರು ವ್ಯವಹಾರದ ಒಂದೊಂದು ಗ್ರಾಹಕ ಗುಂಪಿನಲ್ಲೂ ಗುಟ್ಟಿನ ಮಾತು ಬಂತು: ನನ್ನ ವ್ಯವಹಾರ ಪಕ್ಕದವನ ಕಿವಿಗೆ ಬೀಳಬಾರದು. ಅಧಿಕಾರಿಗಳ ಸಂದರ್ಶನದಲ್ಲಿ ಇದು ಎಲ್ಲೋ ಅಪರೂಪಕ್ಕೆ ಬಂದ ಮಾತು. ಕಾರ್ಡು ಕಳೆದರೆ ಬೇರೆಯವರು ಬಳಸಿಬಿಡುವ ಭಯವನ್ನು ಗ್ರಾಹಕರು ಹೊತ್ತುಗಟ್ಟಲೆ ಚರ್ಚಿಸಿದರು. ಅಧಿಕಾರಿಗಳಿಗೆ ಅದು ಅಷ್ಟು ದೊಡ್ಡ ವಿಷಯವಾಗಿರಲಿಲ್ಲ. ರಿಪೇರಿಯವರದ್ದಂತೂ ತಿರುವುಮುರುವು. ಕಂಪನಿ ದೊಡ್ಡದಾಗಿದ್ದರೆ ಜನ ಗುಣಮಟ್ಟ ನಂಬುತ್ತಾರೆ ಅಂತ ಅಧಿಕಾರಿಗಳು. ಒಳ್ಳೆ ರಿಪೇರಿ ಬೇಕಾದರೆ ಸಣ್ಣ ಅಂಗಡಿಯವನ ಹತ್ತಿರ ಹೋಗಬೇಕು ಅಂತ ಗ್ರಾಹಕರು.

ಗ್ರಾಹಕರು ಹೇಳಿದ ಎರಡು ಅನುಭವಗಳನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಒಬ್ಬ ಮಹಿಳೆಯ ಮನೆಗೆ ಬಂದ ರಿಪೇರಿಯವನು ಕೆಟ್ಟದ್ದನ್ನು ಸರಿ ಮಾಡಿದ್ದಷ್ಟೇ ಅಲ್ಲದೆ, ಏನು ಕೆಟ್ಟಿತ್ತು, ಮುಂದೆ ಹೀಗೇ ಆದರೆ ನೀವೇ ಹೇಗೆ ಸರಿ ಮಾಡಿಕೊಳ್ಳಬಹುದು ಎಂದು ಹೇಳಿಕೊಟ್ಟ. ಆಕೆಗೆ ಅದು ಅತ್ಯುತ್ತಮ ಸೇವೆ. ಇನ್ನೊಬ್ಬ, ಹೆಸರಾಂತ ಕಂಪನಿಯ ಸಂಬಳದ ಚೆಕ್ಕು ಹಿಡಿದು ಬ್ಯಾಂಕಿಗೆ ಹೋದ. ತಾರೀಖು ಒಂದು ದಿನ ಮುಂದಿನದು, ಜನವರಿ 1. ಬ್ಯಾಂಕು ದುಡ್ಡು ಕೊಡಲಿಲ್ಲ. ಗುಂಪಿನಲ್ಲಿದ್ದ ಇನ್ನೊಬ್ಬರು ಅದಕ್ಕೆ ಕಾನೂನಿನ ಅಡ್ಡಿ ಇದೆ ಎಂದು ವಿವರಿಸಿದಾಗ ಅವನು ಹೇಳಿದ್ದಿಷ್ಟು: ಬ್ಯಾಂಕಿನಲ್ಲಿ ಯಾರೂ ನನಗೆ ಇದನ್ನು ಬಿಡಿಸಿ ಹೇಳಲಿಲ್ಲವಲ್ಲ! ಕೈಲಾಗದ್ದನ್ನು ಅವನು ಮನಸ್ಸಿಲ್ಲದ್ದು ಎಂದು ತಿಳಿದಿದ್ದ. ಕೊರತೆ ಇದ್ದದ್ದು ಎರಡು ಮಾತಿನ ವಿವರಣೆಯಲ್ಲಿ.

ಇಂಥ ಮಾತುಗಳಿಂದಲೇ, ಸೇವೆಯಲ್ಲಿ ಅಂತರ ಎಲ್ಲೆಲ್ಲಿ ಬೀಳುತ್ತದೆ ಎಂದು ತೋರಿಸುವ ಗ್ಯಾಪ್ ಮಾದರಿ ಹುಟ್ಟಿತು. ಅಂಕಿಅಂಶ ಬಂದದ್ದು ಆಮೇಲೆ.

ಐದು ಗ್ಯಾಪ್ ಬಾಯಿಪಾಠ ಆಗಿದೆ, ಆದರೆ ತಲೆಗೆ ಹೋಗಿಲ್ಲ. ಪುಸ್ತಕದ ಭಾಷೆ ಬಿಟ್ಟು ಹೇಳ್ತೀರಾ?

ಐದನೆಯದರಿಂದ ಶುರು ಮಾಡಿ. ಗ್ರಾಹಕ ಏನು ಎದುರುನೋಡಿದ್ದ, ಏನು ಸಿಕ್ಕಿತು ಎಂದು ಅವನಿಗೆ ಅನ್ನಿಸಿತು, ಈ ಎರಡರ ನಡುವಿನ ಅಂತರ ಐದನೆಯ ಗ್ಯಾಪ್. ಅವನಿಗೆ ಕಾಣುವುದು ಇದೊಂದೇ. ಉಳಿದ ನಾಲ್ಕು ಸಂಸ್ಥೆಯ ಒಳಗಿನವು, ಮತ್ತು ಐದನೆಯದು ಹುಟ್ಟುವುದು ಅವುಗಳಿಂದ.

ಒಂದನೆಯದು, ಗ್ರಾಹಕನಿಗೆ ಏನು ಬೇಕು ಎಂಬುದೇ ಮೇಲಿನವರಿಗೆ ಗೊತ್ತಿಲ್ಲದಿರುವುದು. ಸಣ್ಣ ರಿಪೇರಿ ಅಂಗಡಿಯ ಮಾತು ಇದಕ್ಕೆ ಸೇರಿದ್ದು.

ಎರಡನೆಯದು, ಗೊತ್ತಿದ್ದರೂ ಅದನ್ನು ನಿಯಮವಾಗಿ, ಗುರಿಯಾಗಿ ಇಳಿಸದಿರುವುದು. ಕೆಟ್ಟ ಯಂತ್ರವನ್ನು ಬೇಗ ಬಂದು ನೋಡಬೇಕು ಎಂದು ರಿಪೇರಿ ಕಂಪನಿಯ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಏರ್ ಕಂಡಿಷನರ್, ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿಗೆ ಜನ ಮುಗಿಬೀಳುವುದು ಬೇಸಿಗೆಯಲ್ಲಿ. ಕೆಲಸಗಾರರು ರಜೆ ಕೇಳುವುದೂ ಬೇಸಿಗೆಯಲ್ಲೇ. ಹಾಗಾಗಿ ಇಷ್ಟು ಗಂಟೆಯೊಳಗೆ ಬರುತ್ತೇವೆ ಎಂಬ ನಿಯಮ ಮಾಡಲು ಅವರಿಗೆ ಧೈರ್ಯ ಬರಲಿಲ್ಲ.

ಮೂರನೆಯದು, ನಿಯಮ ಇದ್ದೂ ಕೌಂಟರಿನಲ್ಲಿ ಅದು ನಡೆಯದಿರುವುದು. ಜನ ಸಾಲದು, ತರಬೇತಿ ಸಾಲದು, ಅಥವಾ ಒಬ್ಬನ ಮೇಲೆ ಎರಡು ಕಡೆಯ ಒತ್ತಡ.

ನಾಲ್ಕನೆಯದು, ಹೊರಗೆ ಹೇಳುವುದಕ್ಕೂ ಒಳಗೆ ಮಾಡುವುದಕ್ಕೂ ಇರುವ ಅಂತರ. ಜಾಹೀರಾತಿನಲ್ಲಿ ಅತಿಯಾಗಿ ಹೇಳಿಕೊಳ್ಳುವುದು ಒಂದು ಬಗೆ. ಅದು ಎಲ್ಲರಿಗೂ ಹೊಳೆಯುತ್ತದೆ. ಮಾಡುತ್ತಿರುವ ಒಳ್ಳೆಯದನ್ನು ಹೇಳದಿರುವುದು ಇನ್ನೊಂದು ಬಗೆ, ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಅವರು ನೋಡಿದ ಷೇರು ದಲ್ಲಾಳಿ ಸಂಸ್ಥೆಯಲ್ಲಿ, ಸಂಸ್ಥೆ ಮಾಹಿತಿ ಕೊಟ್ಟ ಮೊದಲ 48 ಗಂಟೆ ಸಿಬ್ಬಂದಿ ತಮ್ಮ ಸ್ವಂತ ಖಾತೆಗೆ ಆ ಷೇರುಗಳನ್ನು ಕೊಳ್ಳುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ ಎಂಬ ಕಟ್ಟುನಿಟ್ಟು ಇತ್ತು. ಗ್ರಾಹಕರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಒಳ್ಳೆ ಷೇರೆಲ್ಲ ದಲ್ಲಾಳಿಗಳೇ ಬಾಚಿಕೊಳ್ಳುತ್ತಾರೆ ಎಂಬ ಅನುಮಾನ ಗ್ರಾಹಕರಲ್ಲಿ ಹಾಗೇ ಬೆಳೆಯುತ್ತಿತ್ತು.

ಈ ನಾಲ್ಕನ್ನು ಬಿಟ್ಟು ಐದನೆಯದನ್ನಷ್ಟೇ ಅಳೆಯುವುದು ಥರ್ಮಾಮೀಟರ್ ಇಟ್ಟು ಜ್ವರ ನೋಡಿ ರೋಗಿಯನ್ನು ಮನೆಗೆ ಕಳಿಸಿದ ಹಾಗೆ. ನಮ್ಮ ಪ್ರಾಜೆಕ್ಟ್ ವರದಿಗಳಲ್ಲಿ ನನಗೆ ಎದ್ದು ಕಾಣುವ ಕೊರತೆ ಇದೇ. ಗ್ರಾಹಕರಿಗೆ ಪ್ರಶ್ನಾವಳಿ ಹಂಚಿರುತ್ತಾರೆ, ಬ್ರ್ಯಾಂಚ್ ಮ್ಯಾನೇಜರನ್ನಾಗಲಿ ಕೌಂಟರಿನಲ್ಲಿ ಕೂತವರನ್ನಾಗಲಿ ಮಾತಾಡಿಸಿರುವುದಿಲ್ಲ.

## ಅಳತೆಗೋಲು

ಹತ್ತು ಅಂಶ ಐದಾಗಿದ್ದು ಹೇಗೆ? 22 ಎಂಬ ಸಂಖ್ಯೆ ಎಲ್ಲಿಂದ ಬಂತು?

1985ರ ಗುಂಪು ಮಾತುಕತೆಗಳಿಂದ, ಗ್ರಾಹಕರು ಸೇವೆಯನ್ನು ತೂಗುವ ಹತ್ತು ಅಂಶಗಳು ಬಂದಿದ್ದವು. ಅವುಗಳಿಂದ 97 ಪ್ರಶ್ನೆಗಳನ್ನು ಮಾಡಿಕೊಂಡರು. ಒಂದೊಂದನ್ನೂ ಎರಡು ಸಲ ಕೇಳುವುದು: ಇಂಥ ಸಂಸ್ಥೆಗಳು ಹೇಗಿರಬೇಕು, ಈ ಸಂಸ್ಥೆ ಹೇಗಿದೆ. ಉತ್ತರ ಒಂದರಿಂದ ಏಳರವರೆಗೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಅಂತರ.

ಮೊದಲ ಸುತ್ತಿನಲ್ಲಿ ಶಾಪಿಂಗ್ ಮಾಲ್ ಒಂದರಲ್ಲಿ 200 ಜನರನ್ನು ಕೇಳಿದರು. ಜೊತೆಯ ಪ್ರಶ್ನೆಗಳೊಂದಿಗೆ ಹೊಂದದವನ್ನು ತೆಗೆದಾಗ 97 ಇದ್ದದ್ದು 54 ಆಯಿತು, ಆಮೇಲೆ 34. ಬ್ಯಾಂಕು, ಕ್ರೆಡಿಟ್ ಕಾರ್ಡು, ರಿಪೇರಿ, ದೂರದ ಫೋನ್ ಕರೆ ಈ ನಾಲ್ಕು ಸಂಸ್ಥೆಗಳ ಗ್ರಾಹಕರನ್ನು, ಒಂದೊಂದಕ್ಕೆ 200 ಜನರಂತೆ, ಮತ್ತೆ ಕೇಳಿದರು. ಉಳಿದದ್ದು 22. ಅವು ಐದು ಕಂತೆಗಳಾಗಿ ಬಿದ್ದವು: ಕಣ್ಣಿಗೆ ಕಾಣುವ ಸೌಕರ್ಯ ನಾಲ್ಕು, ಹೇಳಿದ್ದನ್ನು ಹೇಳಿದಂತೆ ಮಾಡುವುದು ಐದು, ತಡಮಾಡದೆ ಸ್ಪಂದಿಸುವುದು ನಾಲ್ಕು, ಭರವಸೆ ಹುಟ್ಟಿಸುವುದು ನಾಲ್ಕು, ಒಬ್ಬೊಬ್ಬರ ಮೇಲೂ ಕಾಳಜಿ ಐದು. 1988ರಲ್ಲಿ ಜರ್ನಲ್ ಆಫ್ ರಿಟೇಲಿಂಗ್‌ನಲ್ಲಿ ಇದು ಅಚ್ಚಾಯಿತು. ಹೆಸರು ಸರ್ವ್‌ಕ್ವಾಲ್.

ಹತ್ತರಲ್ಲಿ ಮೂರು ಹಾಗೇ ಉಳಿದವು. ಮಾತುಕತೆ, ಸೌಜನ್ಯ, ಪರಿಣತಿ, ಸುರಕ್ಷತೆಯಂಥ ಉಳಿದ ಏಳು ‘ಭರವಸೆ’ ಮತ್ತು ‘ಕಾಳಜಿ’ ಎಂಬ ಎರಡು ತಲೆಬರಹದಡಿ ಕರಗಿದವು.

ಐದರಲ್ಲಿ ಯಾವುದಕ್ಕೆ ಹೆಚ್ಚು ತೂಕ?

ಗ್ರಾಹಕರಿಗೆ 100 ಅಂಕ ಕೊಟ್ಟು ಐದಕ್ಕೂ ಹಂಚಿ ಎಂದು ಕೇಳಿದಾಗ ಬಂದ ಸರಾಸರಿ ಹೀಗಿದೆ: ಹೇಳಿದ್ದನ್ನು ಮಾಡುವುದಕ್ಕೆ 32, ಸ್ಪಂದನೆಗೆ 22, ಭರವಸೆಗೆ 19, ಕಾಳಜಿಗೆ 16, ಕಣ್ಣಿಗೆ ಕಾಣುವುದಕ್ಕೆ 11. ಇದನ್ನು 1990ರ ತಮ್ಮ ಪುಸ್ತಕದಲ್ಲಿ ಮೂವರೂ ಒತ್ತಿ ಹೇಳಿದ್ದಾರೆ. ಎಸಿ, ಹೊಳೆಯುವ ಟೈಲ್ಸು, ಸಮವಸ್ತ್ರಕ್ಕೆ ದುಡ್ಡು ಸುರಿಯುವ ಮೊದಲು ಕೊಟ್ಟ ಮಾತನ್ನು ಕೊಟ್ಟ ಹೊತ್ತಿಗೆ ಉಳಿಸಿಕೊಳ್ಳಿ ಎಂಬುದು ಇದರ ಅರ್ಥ. ಇವು ಅಮೆರಿಕದ ಆ ಕಾಲದ ಗ್ರಾಹಕರ ಅಂಕಗಳು. ನಿಮ್ಮ ವರದಿಗೆ ಎತ್ತಿಕೊಳ್ಳುವ ಬದಲು ನಿಮ್ಮ ಗ್ರಾಹಕರಿಂದಲೇ 100 ಅಂಕ ಹಂಚಿಸಿ.

ನಿರೀಕ್ಷೆ ಅಂದರೆ ಯಾವ ನಿರೀಕ್ಷೆ? ‘ಹೀಗಿದ್ದರೆ ಚೆನ್ನ’ ಅನ್ನೋದಾ, ‘ಇಷ್ಟಾದರೂ ಇರಲಿ’ ಅನ್ನೋದಾ?

ಒಳ್ಳೆಯ ಪ್ರಶ್ನೆ, ಅವರೇ ಅದಕ್ಕೆ ಮರಳಿ ಬಂದರು. 1991 ಮತ್ತು 1993ರ ಬರಹಗಳಲ್ಲಿ ಎರಡು ಮಟ್ಟಗಳನ್ನು ಬೇರೆ ಮಾಡಿದರು. ಬಯಸುವ ಮಟ್ಟ ಒಂದು, ಸಾಕೆನ್ನಿಸುವ ಮಟ್ಟ ಇನ್ನೊಂದು. ನಡುವಿನ ಜಾಗಕ್ಕೆ ‘ಸಹನೆಯ ವಲಯ’ ಎನ್ನಬಹುದು. ಸೇವೆ ಆ ವಲಯದೊಳಗೆ ಇರುವಷ್ಟು ಕಾಲ ಜನ ಹೊಂದಿಕೊಳ್ಳುತ್ತಾರೆ. ಕೆಳಗೆ ಬಿದ್ದರೆ ಸಿಟ್ಟು.

ಬಯಸುವ ಮಟ್ಟ ನಿಧಾನವಾಗಿ ಬದಲಾಗುತ್ತದೆ, ಸಾಕೆನ್ನಿಸುವ ಮಟ್ಟ ಸಂದರ್ಭಕ್ಕೆ ತಕ್ಕಂತೆ ಏರಿಳಿಯುತ್ತದೆ. ಊರಿಗೆ ಒಂದೇ ಬಸ್ಸು ಇದ್ದಾಗ ಅರ್ಧ ಗಂಟೆ ತಡವನ್ನೂ ಸಹಿಸುವವರು, ಇನ್ನೊಂದು ಬಸ್ಸು ಶುರುವಾದ ಮಾರನೆಯ ದಿನದಿಂದ ಹತ್ತು ನಿಮಿಷಕ್ಕೇ ಗೊಣಗುತ್ತಾರೆ. ವಲಯ ಕಿರಿದಾಗಿರುತ್ತದೆ, ಬಸ್ಸು ಅದೇ ಇರುತ್ತದೆ. ನನ್ನ ಮಟ್ಟಿಗೆ ಸರ್ವ್‌ಕ್ವಾಲ್‌ಗಿಂತಲೂ ಇದು ಸೂಕ್ಷ್ಮವಾದ ಚಿಂತನೆ.

## ಟೀಕೆ, ತಿದ್ದುಪಡಿ

ಸರ್ವ್‌ಪರ್ಫ್ ಬಂದ ಮೇಲೆ ಸರ್ವ್‌ಕ್ವಾಲ್ ಕತೆ ಮುಗೀತು ಅಂತಾರಲ್ಲ?

1992ರಲ್ಲಿ ಕ್ರೋನಿನ್ ಮತ್ತು ಟೇಲರ್ ಎಂಬ ಸಂಶೋಧಕರು ಬ್ಯಾಂಕು, ಕೀಟ ನಿಯಂತ್ರಣ, ಡ್ರೈ ಕ್ಲೀನಿಂಗ್, ಫಾಸ್ಟ್ ಫುಡ್ ಈ ನಾಲ್ಕರಲ್ಲಿ ಪರೀಕ್ಷಿಸಿ ಒಂದು ಗಟ್ಟಿ ಪ್ರಶ್ನೆ ಎತ್ತಿದರು. ನಿರೀಕ್ಷೆಯನ್ನು ಕೇಳುವುದೇ ಬೇಡ, ಸಿಕ್ಕಿದ್ದು ಹೇಗಿದೆ ಎಂದು ಮಾತ್ರ ಕೇಳಿದರೆ ಫಲಿತಾಂಶ ಇನ್ನೂ ಚೆನ್ನಾಗಿ ಬರುತ್ತದೆ ಎಂಬುದು ಅವರ ವಾದ. ಹಾಗೆ ಮಾಡಿದ ಅಳತೆಯೇ ಸರ್ವ್‌ಪರ್ಫ್. ಪ್ರಶ್ನೆಗಳೂ ಅರ್ಧಕ್ಕರ್ಧ ಕಡಿಮೆ. 1993ರಲ್ಲಿ ಟೀಸ್ ಎಂಬ ಇನ್ನೊಬ್ಬ ಸಂಶೋಧಕರು, ನಿರೀಕ್ಷೆ ಎಂಬ ಪರಿಕಲ್ಪನೆಯನ್ನೇ ಬೇರೆ ಕಡೆಯಿಂದ ಪ್ರಶ್ನಿಸಿದರು.

ಮೂವರೂ 1994ರ ಜನವರಿಯಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲೇ ಉತ್ತರ ಕೊಟ್ಟರು. ಒಟ್ಟಾರೆ ತೃಪ್ತಿಯನ್ನು ಊಹಿಸುವುದಷ್ಟೇ ಗುರಿಯಾಗಿದ್ದರೆ ನಿರೀಕ್ಷೆ ಇಲ್ಲದ ಅಳತೆ ಸಾಕಾಗಬಹುದು. ಎಲ್ಲಿ ಸರಿಪಡಿಸಬೇಕು ಎಂದು ತಿಳಿಯಬೇಕಾದರೆ ಎರಡೂ ಬೇಕು, ಇದು ಆ ಉತ್ತರದ ತಿರುಳು. ಸೌಕರ್ಯಕ್ಕೂ 5, ಸ್ಪಂದನೆಗೂ 5 ಅಂಕ ಬಂತು ಅಂದುಕೊಳ್ಳಿ. ಸೌಕರ್ಯದಲ್ಲಿ ಜನ 5 ಬಯಸಿದ್ದರು, ಸ್ಪಂದನೆಯಲ್ಲಿ 7 ಬಯಸಿದ್ದರು ಎಂದು ತಿಳಿಯದಿದ್ದರೆ ಮ್ಯಾನೇಜರು ದುಡ್ಡು ಎಲ್ಲಿ ಹಾಕಬೇಕು? ಈ ವಾದ ನನಗೆ ಒಪ್ಪಿಗೆ. ಆದರೆ ನಿಮ್ಮ ಅಧ್ಯಯನದ ಗುರಿ ಗುಣಮಟ್ಟಕ್ಕೂ ನಿಷ್ಠೆಗೂ ನಂಟು ಹುಡುಕುವುದಾದರೆ ಸರ್ವ್‌ಪರ್ಫ್ ಬಳಸುವುದರಲ್ಲಿ ಯಾವ ತಪ್ಪೂ ಇಲ್ಲ.

ನನ್ನ ಡೇಟಾದಲ್ಲಿ ಐದು ಫ್ಯಾಕ್ಟರ್ ಬರ್ತಾನೇ ಇಲ್ಲ ಸರ್. ನಾನು ತಪ್ಪು ಮಾಡಿದ್ದೀನಾ?

ಉತ್ತರಗಳು ಆ ಐದು ಕಂತೆಗಳಾಗಿ ಬೀಳದಿದ್ದರೆ ಗಾಬರಿಯಾಗಬೇಡಿ. 1990ರಲ್ಲೇ ಕಾರ್ಮನ್ ಎಂಬ ಸಂಶೋಧಕರು ಇದನ್ನು ತೋರಿಸಿದ್ದರು: ಸೇವೆ ಬದಲಾದಂತೆ ಅಂಶಗಳ ಸಂಖ್ಯೆಯೂ ಬದಲಾಗುತ್ತದೆ. ಮೂಲ ಲೇಖಕರೇ 1991ರಲ್ಲಿ ಒಂದು ಟೆಲಿಫೋನ್, ಎರಡು ವಿಮಾ, ಎರಡು ಬ್ಯಾಂಕು ಸಂಸ್ಥೆಗಳಲ್ಲಿ ಮತ್ತೆ ಪರೀಕ್ಷಿಸಿದಾಗ ‘ಸೌಕರ್ಯ’ ಎರಡಾಗಿ ಒಡೆಯಿತು, ಕಟ್ಟಡ ಮತ್ತು ಉಪಕರಣ ಒಂದು ಕಡೆ, ಸಿಬ್ಬಂದಿ ಮತ್ತು ಕಾಗದಪತ್ರ ಇನ್ನೊಂದು ಕಡೆ. ಬಂದದ್ದನ್ನು ಬಂದಂತೆ ಬರೆಯಿರಿ. ಐದನ್ನು ಬರಿಸಲು ಸಾಫ್ಟ್‌ವೇರಿನ ಜೊತೆ ಗುದ್ದಾಡುವುದು ಅವರ ಕೆಲಸಕ್ಕೆ ತೋರುವ ಗೌರವವಲ್ಲ.

1991ರ ತಿದ್ದುಪಡಿಯಲ್ಲಿ ಇನ್ನೂ ಕೆಲವು ಬದಲಾವಣೆಗಳಾದವು. ಸೌಕರ್ಯದ ಒಂದು, ಭರವಸೆಯ ಒಂದು ಹೇಳಿಕೆಯನ್ನು ಬದಲಾಯಿಸಿದರು. ‘ಹೀಗಿರಬೇಕು’ ಎಂದು ಕೇಳಿದಾಗ ಎಲ್ಲರೂ ಏಳಕ್ಕೇ ಟಿಕ್ ಹಾಕುತ್ತಿದ್ದುದರಿಂದ, ‘ಅತ್ಯುತ್ತಮ ಸಂಸ್ಥೆಗಳು ಹೀಗಿರುತ್ತವೆ’ ಎಂಬ ಧಾಟಿಗೆ ತಿರುಗಿಸಿದರು. ಮೂಲದಲ್ಲಿದ್ದ ನಕಾರಾತ್ಮಕ ಹೇಳಿಕೆಗಳು ಒಂಬತ್ತು. ಅವನ್ನೆಲ್ಲ ಸಕಾರಾತ್ಮಕವಾಗಿ ಬರೆದರು. ಆದ್ದರಿಂದ 1988ರ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ.

## ತಂತ್ರಜ್ಞಾನದ ಕಡೆಗೆ

ಮಯಾಮಿಗೆ ಹೋದ ಮೇಲೆ ಹೊಸದೇನಾದರೂ ಮಾಡಿದರಾ?

ಖಂಡಿತ. ಸೇವೆಯ ನಡುವೆ ಯಂತ್ರ ಬಂದು ನಿಂತಾಗ ಏನಾಗುತ್ತದೆ ಎಂಬುದು ಅವರ ಮುಂದಿನ ಪ್ರಶ್ನೆ. ಕಂಪನಿ, ಸಿಬ್ಬಂದಿ, ಗ್ರಾಹಕ ಎಂಬ ಮೂರು ಮೂಲೆಯ ಹಳೆಯ ಚಿತ್ರಕ್ಕೆ ತಂತ್ರಜ್ಞಾನವನ್ನು ನಾಲ್ಕನೆಯ ತುದಿಯಾಗಿ ಸೇರಿಸಿ ಪಿರಮಿಡ್ ಮಾಡಿದರು. 2000ದಲ್ಲಿ ಧ್ರುವ್ ಗ್ರೆವಾಲ್ ಜೊತೆಗಿನ ಬರಹದಲ್ಲಿ ಅದರ ವಿವರಣೆ ಇದೆ.

ಅದೇ ವರ್ಷ, ಹೊಸ ತಂತ್ರಜ್ಞಾನ ಬಳಸಲು ಜನ ಎಷ್ಟು ಸಿದ್ಧರಿದ್ದಾರೆ ಎಂದು ಅಳೆಯುವ ಟೆಕ್ನಾಲಜಿ ರೆಡಿನೆಸ್ ಇಂಡೆಕ್ಸ್ ಬಂತು. 36 ಹೇಳಿಕೆಗಳು, ನಾಲ್ಕು ಅಂಶಗಳು. ಆಶಾವಾದ ಮತ್ತು ಹೊಸತನಕ್ಕೆ ಮುನ್ನುಗ್ಗುವ ಗುಣ ಮುಂದಕ್ಕೆ ತಳ್ಳುತ್ತವೆ. ಇರುಸುಮುರುಸು ಮತ್ತು ಅಭದ್ರತೆಯ ಭಾವ ಹಿಂದಕ್ಕೆ ಎಳೆಯುತ್ತವೆ. ಈ ಎರಡೂ ಒಬ್ಬನಲ್ಲೇ ಒಟ್ಟಿಗೆ ಇರಬಹುದು ಎಂಬುದು ಇಲ್ಲಿನ ಮುಖ್ಯ ಹೊಳಹು. ಫೋನಿನಲ್ಲಿ ದುಡ್ಡು ಕಳಿಸುವ ಸೌಲಭ್ಯವನ್ನು ಮೆಚ್ಚುವ ಮನುಷ್ಯನೇ, ಕಳಿಸಿದ ಮೇಲೆ ಆ ಕಡೆಯವರಿಗೆ ಫೋನ್ ಮಾಡಿ ‘ಬಂತಾ’ ಎಂದು ಕೇಳುವುದನ್ನು ನಾವು ದಿನವೂ ನೋಡುತ್ತೇವೆ. 2015ರಲ್ಲಿ ಚಾರ್ಲ್ಸ್ ಕೋಲ್ಬಿ ಜೊತೆ ಸೇರಿ ಅದನ್ನು 16 ಹೇಳಿಕೆಗಳಿಗೆ ಇಳಿಸಿದರು. ಈಗ ಅಧ್ಯಯನ ಮಾಡುವವರು ಈ ಚಿಕ್ಕ ರೂಪವನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಆನ್‌ಲೈನ್ ಅಂಗಡಿಗೆ ಸರ್ವ್‌ಕ್ವಾಲ್ ಹಾಕಬಹುದಾ?

ಅದಕ್ಕೆಂದೇ ಬೇರೆ ಅಳತೆ ಮಾಡಿದ್ದಾರೆ. 2005ರಲ್ಲಿ ಝೈಥಾಮಲ್ ಮತ್ತು ಅರವಿಂದ್ ಮಲ್ಹೋತ್ರಾ ಜೊತೆ ಇ-ಎಸ್-ಕ್ವಾಲ್ ತಂದರು. ಸರಾಗತೆ, ಹೇಳಿದ್ದನ್ನು ತಲುಪಿಸುವುದು, ಸೈಟು ನಡೆಯುತ್ತಿರುವುದು, ಖಾಸಗಿತನ ಎಂಬ ನಾಲ್ಕು ಅಂಶ, 22 ಹೇಳಿಕೆ. ಅಮೆಜಾನ್ ಮತ್ತು ವಾಲ್‌ಮಾರ್ಟ್ ಸೈಟುಗಳ ಗ್ರಾಹಕರಲ್ಲಿ ಪರೀಕ್ಷಿಸಿದರು.

ಇದರ ಜೊತೆಗೆ 11 ಹೇಳಿಕೆಗಳ ಇನ್ನೊಂದು ಪುಟ್ಟ ಅಳತೆ ಇದೆ. ಅದು ತೊಂದರೆಯಾದವರಿಗೆ ಮಾತ್ರ. ಎಲ್ಲವೂ ಸುಸೂತ್ರವಾಗಿ ನಡೆದವನಿಗೆ ಮರುಪಾವತಿ ಹೇಗಿತ್ತು ಎಂದು ಕೇಳಿ ಪ್ರಯೋಜನವಿಲ್ಲ. ತಪ್ಪು ಸಾಮಾನು ಬಂದವನಿಗೆ ಅದೇ ಎಲ್ಲಕ್ಕಿಂತ ಮುಖ್ಯ. ವಿದ್ಯಾರ್ಥಿಗಳು ಇವೆರಡನ್ನು ಕಲಸಿ 33 ಪ್ರಶ್ನೆಯ ಒಂದೇ ಫಾರಂ ಮಾಡುತ್ತಾರೆ. ಹಾಗೆ ಮಾಡಬೇಡಿ.

## ಬಳಸುವವರಿಗೆ

ಗ್ರಂಥಾಲಯದವರು ಲಿಬ್‌ಕ್ವಾಲ್ ಅಂತಾರೆ, ಅದೂ ಇದೂ ಒಂದೇನಾ?

ತಾಯಿಬೇರು ಒಂದೇ. 1990ರ ದಶಕದಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಗ್ರಂಥಾಲಯವೇ ಸರ್ವ್‌ಕ್ವಾಲ್ ಬಳಸಿ ನೋಡಿತು. ಓದುಗರಿಗೆ ಬೇಕಾದ್ದೆಲ್ಲ ಅದರಲ್ಲಿ ಇಲ್ಲವೆಂದು ಕಂಡಾಗ, ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಸಂಘದ ಜೊತೆಗೂಡಿ 2000ದ ಹೊತ್ತಿಗೆ ಲಿಬ್‌ಕ್ವಾಲ್ ಎಂಬ ಹೊಸ ಅಳತೆ ರೂಪಿಸಿದರು. ಅದರಲ್ಲಿ ಸಿಬ್ಬಂದಿಯ ನಡವಳಿಕೆ, ಮಾಹಿತಿ ತಾನೇ ಹುಡುಕಿಕೊಳ್ಳುವ ಅನುಕೂಲ, ಕೂತು ಓದುವ ಸ್ಥಳ ಎಂಬ ಮೂರು ಅಂಶಗಳಿವೆ. ಕನಿಷ್ಠ, ಬಯಸಿದ್ದು, ಸಿಕ್ಕಿದ್ದು ಎಂಬ ಮೂರು ಕಾಲಂ ಇರುವುದು ಸಹನೆಯ ವಲಯದ ಚಿಂತನೆಯಿಂದ ಬಂದದ್ದು. ಓದುವ ಜಾಗಕ್ಕೆ ಒಂದು ಇಡೀ ಅಂಶ ಮೀಸಲಿಟ್ಟದ್ದನ್ನು ನೋಡಿದರೆ ಓದುಗರನ್ನು ಚೆನ್ನಾಗಿ ಕೇಳಿಸಿಕೊಂಡಿದ್ದಾರೆ ಎಂದು ಗೊತ್ತಾಗುತ್ತದೆ.

22 ಹೇಳಿಕೆಗಳನ್ನ ಕನ್ನಡಕ್ಕೆ ತಂದು ನಮ್ಮೂರ ಬ್ಯಾಂಕಿನಲ್ಲಿ ಬಳಸಬಹುದಾ? ಹೊಸ ಪ್ರಶ್ನೆ ಸೇರಿಸಿದರೆ ತಪ್ಪಾ?

ಬಳಸಿ, ಸೇರಿಸಿ. ಇದು ಒಂದು ಅಸ್ಥಿಪಂಜರ, ಬೇಕಾದಂತೆ ಹೊಂದಿಸಿಕೊಳ್ಳಬಹುದು, ಪೂರಕ ಪ್ರಶ್ನೆ ಸೇರಿಸಬಹುದು ಎಂದು 1988ರ ಪ್ರಬಂಧದಲ್ಲೇ ಲೇಖಕರು ಹೇಳಿದ್ದಾರೆ.

ನಕಾರಾತ್ಮಕ ಹೇಳಿಕೆಯನ್ನಂತೂ ಕನ್ನಡಕ್ಕೆ ತರಲೇಬೇಡಿ. ‘ಸಿಬ್ಬಂದಿ ನಿಮ್ಮ ಕಡೆ ಗಮನ ಕೊಡುವುದಿಲ್ಲ’ ಎಂದು ಬರೆದು, ಎದುರಿಗೆ ‘ಒಪ್ಪುವುದಿಲ್ಲ’ ಎಂದು ಇಟ್ಟರೆ, ಪಾಸ್‌ಬುಕ್ ಪ್ರಿಂಟಿಂಗ್ ಸಾಲಿನಲ್ಲಿ ನಿಂತ ಹಿರಿಯರು ಎರಡು ಇಲ್ಲಗಳ ಮಧ್ಯೆ ಸಿಕ್ಕಿಕೊಳ್ಳುತ್ತಾರೆ. ಗಮನ ಕೊಡುತ್ತಾರೆ ಎಂದು ಹೇಳಲು ಹೋಗಿ ಕೊಡುವುದಿಲ್ಲ ಎಂದು ಟಿಕ್ ಹಾಕಿರುತ್ತಾರೆ. ಸರಳವಾಗಿ ‘ಗಮನ ಕೊಡುತ್ತಾರೆ’ ಎಂದೇ ಬರೆಯಿರಿ, ಕೊಡುವ ಮೊದಲು ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ.

ಸೇರಿಸಬೇಕಾದ ಪ್ರಶ್ನೆ ಯಾವುದು ಎಂದು ಕೇಳಿದರೆ ನಾನು ಭಾಷೆಯದ್ದು ಎನ್ನುತ್ತೇನೆ. ಕೌಂಟರಿನ ಆ ಕಡೆ ಕೂತವರಿಗೆ ಕನ್ನಡ ಬಾರದೆ, ಈ ಕಡೆ ನಿಂತವರಿಗೆ ಹಿಂದಿಯೋ ಇಂಗ್ಲಿಷೋ ಬಾರದೆ ಕೆಲಸ ಕೆಡುವುದು ಕರ್ನಾಟಕದ ಬ್ಯಾಂಕುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು. 22 ಹೇಳಿಕೆಗಳಲ್ಲಿ ಇದಕ್ಕೆ ನೇರವಾದ ಜಾಗವಿಲ್ಲ. ಆದರೆ 1985ರ ಹತ್ತು ಅಂಶಗಳಿಗೆ ಹಿಂದಿರುಗಿ ನೋಡಿ. ಅಲ್ಲಿ ‘ಮಾತುಕತೆ’ ಎಂಬ ಅಂಶಕ್ಕೆ ಕೊಟ್ಟ ವಿವರಣೆಯೇ, ಗ್ರಾಹಕರಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸುವುದು ಮತ್ತು ಅವರ ಮಾತನ್ನು ಕೇಳಿಸಿಕೊಳ್ಳುವುದು ಎಂದು. ಹತ್ತನ್ನು ಐದು ಮಾಡುವಾಗ ಅದು ಒಳಗೆ ಕರಗಿಹೋಯಿತು. ನೀವು ಅದನ್ನು ಹೊರಗೆ ತೆಗೆದು ಒಂದೆರಡು ಹೇಳಿಕೆ ಬರೆಯಬಹುದು: ‘ಇಲ್ಲಿನ ಸಿಬ್ಬಂದಿ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸುತ್ತಾರೆ’, ‘ಇಲ್ಲಿನ ಫಾರಂಗಳನ್ನು ಯಾರ ಸಹಾಯವೂ ಇಲ್ಲದೆ ನಾನೇ ತುಂಬಬಲ್ಲೆ’. ವರದಿಯಲ್ಲಿ ಇದಕ್ಕೆ ಆಧಾರವೇನು ಎಂದು ಗೈಡ್ ಕೇಳಿದರೆ 1985ರ ಪ್ರಬಂಧವನ್ನೇ ತೋರಿಸಿ. ಆಮೇಲೆ ಅದೇ ಪ್ರಶ್ನೆಯನ್ನು ಮ್ಯಾನೇಜರಿಗೂ ಕೇಳಿ, ಗ್ರಾಹಕರು ಇದಕ್ಕೆ ಎಷ್ಟು ಅಂಕ ಕೊಟ್ಟಿರಬಹುದು ಎಂದು ಅವರ ಅಂದಾಜನ್ನೂ ಬರೆದುಕೊಳ್ಳಿ. ಎರಡೂ ಅಂಕಗಳನ್ನು ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಹಾಕಿದರೆ ನಿಮ್ಮ ವರದಿಗೆ ಒಂದನೆಯ ಗ್ಯಾಪ್ ಸಿಕ್ಕಿತು.